ಇಸ್ರೇಲಿನ ಹೈಫಾದಲ್ಲಿರುವ ಗೆಳೆಯನಿಗೆ, ಉಡುಪಿಯಿಂದ

ಉಡುಪಿ, ನವೆಂಬರ್ 2025

ಮಾರಾಯಾ,

ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ಏಳು ನಿಮಿಷದ್ದರಲ್ಲಿ ಆರು ನಿಮಿಷ ನೀನು ಕೆಲಸಕ್ಕಿದ್ದು ನೋಡಿಕೊಳ್ಳುವ ಆ ಅಜ್ಜನ ಶುಗರ್, ಮಾತ್ರೆ, ಅವರಿಗೆ ಅನ್ನ ಎಷ್ಟು ಮೆತ್ತಗಾಗಬೇಕು ಅನ್ನುವ ಪುರಾಣ. ಕೊನೆಗೆ, ಇನ್ನೇನು ಮುಗಿಸಬೇಕು ಅನ್ನುವಾಗ, "ಅಲ್ಲ ಮಾರಾಯಾ, ಈ ಇಸ್ರೇಲ್-ಪ್ಯಾಲೆಸ್ಟೀನ್ ಜಗಳ ಯಾವತ್ತಾದರೂ ಮುಗಿಯುತ್ತದಾ? ನೀನು ಕೋರ್ಟಿನವನು, ಹೇಳು" ಅಂದೆ.

ಕೋರ್ಟಿನವನು ಅಂದರೆ ಏನು, ವಕೀಲರ ಗುಮಾಸ್ತ. ಫೈಲ್ ಹೊರುವುದು, ವಾಯಿದೆ ಬರೆದುಕೊಳ್ಳುವುದು, ಕಕ್ಷಿದಾರರ ಬೈಗುಳ ಕೇಳುವುದು. ಆದರೂ 22 ವರ್ಷ ಪಾಲಿನ ಕೇಸುಗಳನ್ನೇ ನೋಡಿದವನಿಗೆ ಈ ಜಗಳದಲ್ಲಿ ಕೆಲವು ಗುರುತಿನ ವಾಸನೆ ಹೊಡೆಯುತ್ತದೆ. ಅದನ್ನೇ ಬರೆಯುತ್ತೇನೆ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಸರ ಮಾಡಬೇಡ. ನಮ್ಮ ಶಾಲೆಯ ಗ್ರೂಪಿನಲ್ಲಿ ಇದೇ ವಿಷಯಕ್ಕೆ ಇಬ್ಬರು ಜಗಳ ಮಾಡಿಕೊಂಡು ಬಿಟ್ಟುಹೋದರು, ಅವರೂ ಓದಲಿ. ನೀನು ಅಲ್ಲಿ ಮೆಟ್ಟಿಲ ಸಂದಿಯಲ್ಲಿ ಕೂತಿದ್ದಾಗ ಇವರಿಲ್ಲಿ ಕ್ರಿಕೆಟ್ ಮ್ಯಾಚಿನ ಹಾಗೆ ಸ್ಕೋರ್ ಹಾಕುತ್ತಿದ್ದರು.

ಆ ಮೆಟ್ಟಿಲ ಸಂದಿಯ ಫೋನ್ ನನಗೆ ಮರೆಯುವುದಿಲ್ಲ. 2025ರ ಜೂನ್ ತಿಂಗಳು, ಇರಾನಿನ ಮಿಸೈಲ್ ಬೀಳುತ್ತಿದ್ದ ದಿನಗಳು. ಹಳೆ ಕಟ್ಟಡ, ಮಮಾದ್ ಅಂದರೆ ಬಾಂಬಿನಿಂದ ಕಾಪಾಡುವ ಗಟ್ಟಿ ಕೋಣೆ ಇಲ್ಲ, ಲಿಫ್ಟೂ ಇಲ್ಲ. ಅಜ್ಜನನ್ನು ಬೆನ್ನಿಗೆ ಹಾಕಿಕೊಂಡು ಇಳಿದು ಕೂತಿದ್ದೆ. ಸೈರನ್ ಮಧ್ಯೆ ಅವರು ಏನೋ ಗೊಣಗುತ್ತಿದ್ದರು. "ಹೀಬ್ರೂನಾ?" ಅಂತ ಕೇಳಿದ್ದಕ್ಕೆ "ಅಲ್ಲ, ಅರಬಿ. ಹೆದರಿಕೆಯಾದರೆ ಅವರಿಗೆ ಅರಬಿಯೇ ಬರುವುದು" ಅಂದಿದ್ದೆ. ಬಾಗ್ದಾದಿನಲ್ಲಿ ಹುಟ್ಟಿದ ಯಹೂದಿ. 1950-51ರಲ್ಲಿ ಇರಾಕಿನಿಂದ ಒಂದು ಲಕ್ಷಕ್ಕೂ ಹೆಚ್ಚು ಯಹೂದಿಗಳು ವಿಮಾನದಲ್ಲಿ ಬಂದರಲ್ಲ, ಅದರಲ್ಲಿ ಬಂದ ಹುಡುಗ. ಹೊರಡಬೇಕಾದರೆ ಪೌರತ್ವ ಬಿಟ್ಟುಕೊಡಬೇಕಿತ್ತು, ಬಿಟ್ಟುಕೊಟ್ಟವರ ಆಸ್ತಿಯನ್ನು ಆಮೇಲೆ ಸರ್ಕಾರ ಮುಟ್ಟುಗೋಲು ಹಾಕಿತು. ಈಗ ಕೆಳಗಿನ ಮೆಡಿಕಲ್‌ನ ಅರಬ ಹುಡುಗಿಯ ಹತ್ತಿರ ಅವರು ಅರಬಿಯಲ್ಲಿ ಹರಟೆ ಹೊಡೆಯುತ್ತಾರೆ, ಮಾತ್ರೆ ತೆಗೆದುಕೊಳ್ಳುವುದು ಬರೀ ನೆಪ ಅಂತ ನೀನೇ ಹೇಳಿದ್ದು.

ನಿಮ್ಮ ಹೈಫಾದ ವಾದಿ ಸಲೀಬ್ ಎಂಬ ಹಳೆ ಕೇರಿಯ ಫೋಟೋ ಕಳಿಸಿದ್ದೆಯಲ್ಲ. ಕಲ್ಲಿನ ಮನೆ, ಚಂದದ ಕಮಾನು, ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ, ಬಿರುಕಿನಲ್ಲಿ ಗಿಡ ಎದ್ದಿದೆ. 1948ರ ಏಪ್ರಿಲ್‌ವರೆಗೆ ಅಲ್ಲಿ ಅರಬರು ಇದ್ದರು. ಹೈಫಾದ ಅರಬರು ಆಗ 60 ಸಾವಿರಕ್ಕೂ ಜಾಸ್ತಿ. ಕಾಳಗ ಆಗಿ ಊರು ಯಹೂದಿ ಪಡೆಯ ಕೈಗೆ ಬಂದ ಮೇಲೆ ಉಳಿದದ್ದು ಮೂರು-ನಾಲ್ಕು ಸಾವಿರ. ಮಿಕ್ಕವರು ಬಂದರಿಗೆ ಓಡಿ ದೋಣಿ ಹತ್ತಿ ಪಕ್ಕದ ಅಕ್ಕೋ ಊರು, ಲೆಬನಾನ್ ಅಂತ ಹೋದರು. ಆ ವರ್ಷ ಒಟ್ಟು 7 ಲಕ್ಷ ಪ್ಯಾಲೆಸ್ಟೀನಿಯರು ಹಾಗೆ ಹೋದರು, ವಾಪಸ್ ಬರಲು ಬಿಡಲಿಲ್ಲ. ಅವರು ಅದಕ್ಕೆ ನಕ್ಬಾ ಅನ್ನುತ್ತಾರೆ, ಮಹಾ ದುರಂತ ಅಂತ. ಆ ಮನೆಗಳ ಬೀಗದ ಕೈ ಇವತ್ತಿಗೂ ಎಷ್ಟೋ ಕುಟುಂಬಗಳಲ್ಲಿ ಮೊಮ್ಮಕ್ಕಳ ಕೈಗೆ ಬಂದಿದೆ.

ಗ್ರೂಪಿನಲ್ಲಿ ಒಬ್ಬ ಬರೆದ: "ಯಹೂದಿಗಳನ್ನೂ ಅರಬರು ಓಡಿಸಿದರು, ಲೆಕ್ಕ ಚುಕ್ತಾ." ಚುಕ್ತಾ ಹೇಗೆ ಆಗುತ್ತದೆ? ನಿನ್ನ ಅಜ್ಜನ ಮನೆ ಕಿತ್ತುಕೊಂಡದ್ದು ಇರಾಕಿನ ಸರ್ಕಾರ, ವಾದಿ ಸಲೀಬಿನ ಸಂಸಾರವಲ್ಲ. 60 ಲಕ್ಷ ಯಹೂದಿಗಳನ್ನು ಕೊಂದದ್ದು ಯೂರೋಪಿನಲ್ಲಿ. ಒಂದು ಕೇಸಿನ ಡಿಕ್ರಿ ಹಣವನ್ನು ಇನ್ನೊಂದು ಕೇಸಿನ ಪ್ರತಿವಾದಿಯಿಂದ ವಸೂಲಿ ಮಾಡಲಿಕ್ಕೆ ಬರುವುದಿಲ್ಲ. ಹಾಗಂತ ಆ ಅಜ್ಜನಿಗೆ ಹೋಗಲಿಕ್ಕೆ ಬೇರೆ ಊರು ಇರಲಿಲ್ಲ ಅನ್ನುವುದೂ ಸುಳ್ಳಲ್ಲ ಅಲ್ವಾ?

ಇದರ ಬುಡಕ್ಕೆ ಹೋದರೆ ಬ್ರಿಟಿಷರು ಸಿಗುತ್ತಾರೆ. 1915ರಿಂದ ಮೆಕ್ಕಾದ ಅರಬ ಮುಖಂಡ ಹುಸೇನನಿಗೆ ಪತ್ರದ ಮೇಲೆ ಪತ್ರ ಬರೆದು ಸ್ವತಂತ್ರ ರಾಜ್ಯದ ಆಸೆ ತೋರಿಸಿದರು. 1916ರಲ್ಲಿ ಫ್ರೆಂಚರ ಜೊತೆ ಗುಟ್ಟಾಗಿ ಪಾಲು ಮಾಡಿಕೊಂಡರು. 1917ರ ನವೆಂಬರಿನಲ್ಲಿ ಬಾಲ್ಫರ್ ಎಂಬ ಮಂತ್ರಿ ಅದೇ ಜಾಗದಲ್ಲಿ ಯಹೂದಿಗಳಿಗೆ ನೆಲೆ ಅಂತ ಕಾಗದ ಕೊಟ್ಟ. ಒಂದೇ ಸೈಟಿಗೆ ಮೂರು ಅಗ್ರಿಮೆಂಟ್, ಮಾಡಿಕೊಟ್ಟವನು ಮಾಲೀಕನೇ ಅಲ್ಲ! ಇಲ್ಲಿ ಯಾರಾದರೂ ಹಾಗೆ ಮಾಡಿದರೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕು. ಇದರಲ್ಲಿ ನಮ್ಮದೂ ಒಂದು ಕೈ ಇದೆ. 1918ರ ಸೆಪ್ಟೆಂಬರ್ 23ರಂದು ಹೈಫಾವನ್ನು ತುರ್ಕರಿಂದ ಗೆದ್ದುಕೊಟ್ಟದ್ದು ಜೋಧಪುರದವರು ಮತ್ತು ನಮ್ಮ ಮೈಸೂರು ಲ್ಯಾನ್ಸರ್ಸ್. ಮೆಷಿನ್ ಗನ್ ಎದುರು ಕುದುರೆ, ಭರ್ಜಿ. ಆ ದಿನದ ಕಾರ್ಯಕ್ರಮಕ್ಕೆ ಸ್ಮಶಾನಕ್ಕೆ ಹೋದವನು ನೀನು, ಹೆಮ್ಮೆಯಿಂದ ಸೆಲ್ಫಿ ಕಳಿಸಿದ್ದೆ. ಹೆಮ್ಮೆ ಇರಲಿ. ಆದರೆ ಆ ಹುಡುಗರು ಜೀವ ಕೊಟ್ಟು ಸ್ವಾಧೀನ ಬಿಡಿಸಿಕೊಟ್ಟದ್ದು ಯಾರಿಗೆ ಅಂತ ಅವರಿಗೆ ಗೊತ್ತಿರಲಿಲ್ಲ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ.

ಪಾಲಿನ ಕೇಸಿನಲ್ಲಿ ಎರಡು ಡಿಕ್ರಿ ಇರುತ್ತದೆ. ಮೊದಲನೆಯದು ಪ್ರಿಲಿಮಿನರಿ: ಇಂಥವನಿಗೆ ಇಷ್ಟು ಪಾಲು ಅಂತ. ಎರಡನೆಯದು ಫೈನಲ್: ಕಮಿಷನರ್ ಬಂದು ಅಳೆದು, ಗಡಿ ಗುರುತು ಮಾಡಿ, ಕೊನೆಗೆ ಕೋರ್ಟಿನ ಅಮೀನ ಬಂದು ಸ್ವಾಧೀನ ಕೊಡಿಸುವುದು. ಇವೆರಡರ ಮಧ್ಯೆ ಹತ್ತು ವರ್ಷ ಸುಮ್ನೆ ಹೋಗುತ್ತದೆ. ಅದಕ್ಕೇ ಒಳ್ಳೆ ವಕೀಲ ಮೊದಲ ದಿನವೇ ಸ್ಟೇ ಕೇಳುತ್ತಾನೆ, ಯಾರೂ ಕಟ್ಟಬಾರದು, ಮಾರಬಾರದು, ಮರ ಕಡಿಯಬಾರದು. ನಮ್ಮ ಆಫೀಸಿನಲ್ಲೇ ಒಂದು ಕೇಸಿತ್ತು. ಅಣ್ಣತಮ್ಮಂದಿರು ರಾಜಿಗೆ ಒಪ್ಪಿ ಕಾಫಿ ಕುಡಿದು ಹೋದರು, ಸ್ಟೇ ಬೇಡ, ನಂಬಿಕೆ ಇದೆ ಅಂದರು. ಆ ಮಳೆಗಾಲ ಮುಗಿಯುವುದರೊಳಗೆ ಅಣ್ಣ ಪಾಗಾರ ಎಬ್ಬಿಸಿ, ಬಾವಿಯನ್ನು ತನ್ನ ಒಳಗೆ ಸೇರಿಸಿಕೊಂಡಿದ್ದ. ತಮ್ಮನ ಮಗ ರಾತ್ರಿ ಹೋಗಿ ಅಣ್ಣನ ಹುಲ್ಲಿನ ರಾಶಿಗೆ ಬೆಂಕಿ ಹಾಕಿದ. ಅಲ್ಲಿಗೆ ರಾಜಿ ಮುಗಿಯಿತು. ಇವತ್ತಿಗೂ ಆ ಫೈಲ್ ನನ್ನ ಕಪಾಟಿನಲ್ಲೇ ಇದೆ.

ಓಸ್ಲೋ ಒಪ್ಪಂದ ನನಗೆ ಕಾಣುವುದು ಹಾಗೆ. 1993ರ ಸೆಪ್ಟೆಂಬರ್ 13ರಂದು ಇಸ್ರೇಲಿನ ಪ್ರಧಾನಿ ರಾಬಿನ್ ಮತ್ತು ಪ್ಯಾಲೆಸ್ಟೀನಿಯರ ನಾಯಕ ಅರಾಫತ್ ಕೈಕುಲುಕಿದ್ದು ನಾವೂ ಟಿವಿಯಲ್ಲಿ ನೋಡಿದ್ದೇವೆ, ನಿಮ್ಮ ಮನೆಯಲ್ಲೇ ಇರಬೇಕು, ನಮ್ಮಲ್ಲಿ ಟಿವಿ ಇರಲಿಲ್ಲ. ಅದು ಬರೀ ಪ್ರಿಲಿಮಿನರಿ. ಐದು ವರ್ಷದ ಮಧ್ಯಂತರ ವ್ಯವಸ್ಥೆ. ಜೆರುಸಲೇಮ್ ಯಾರಿಗೆ, ನಿರಾಶ್ರಿತರ ಕಥೆ ಏನು, ಗಡಿ ಎಲ್ಲಿ, ಯಹೂದಿ ವಸಾಹತುಗಳು ಇರಬೇಕೋ ಏಳಬೇಕೋ, ಕಷ್ಟದ್ದೆಲ್ಲ ಮುಂದಿನ ವಾಯಿದೆಗೆ. 1967ರ ಯುದ್ಧದಲ್ಲಿ ಇಸ್ರೇಲ್ ಹಿಡಿದುಕೊಂಡಿದ್ದ ವೆಸ್ಟ್ ಬ್ಯಾಂಕನ್ನು ಎ, ಬಿ, ಸಿ ಅಂತ ಮೂರು ಮಾಡಿದರು. ಅದರಲ್ಲಿ ಸಿ ಅಂದರೆ ಶೇ 60ರಷ್ಟು ಜಾಗ, ಪೂರ್ತಿ ಇಸ್ರೇಲಿನ ಹಿಡಿತದಲ್ಲಿ. ಆದರೆ ಕಟ್ಟಬಾರದು ಅನ್ನುವ ಗಟ್ಟಿ ಸ್ಟೇ ಇರಲಿಲ್ಲ. ಆಗ ವೆಸ್ಟ್ ಬ್ಯಾಂಕಿನಲ್ಲಿದ್ದ ಯಹೂದಿ ವಸಾಹತುದಾರರು ಸುಮಾರು 1 ಲಕ್ಷ 10 ಸಾವಿರ. ಇವತ್ತು 5 ಲಕ್ಷ, ಪೂರ್ವ ಜೆರುಸಲೇಮ್ ಲೆಕ್ಕಕ್ಕೆ ಹಿಡಿಯದೆ. ಮಾತುಕತೆ ನಡೆಯುವಾಗಲೇ ಪಾಗಾರ ಎದ್ದಿತು.

ಹುಲ್ಲಿನ ರಾಶಿಗೆ ಬೆಂಕಿಯೂ ಬಿತ್ತು, ಎರಡೂ ಕಡೆಯಿಂದ. 1994ರ ಫೆಬ್ರವರಿಯಲ್ಲಿ ಹೆಬ್ರಾನಿನಲ್ಲಿ ಒಬ್ಬ ವಸಾಹತುದಾರ ನಮಾಜು ಮಾಡುತ್ತಿದ್ದ 29 ಜನರನ್ನು ಗುಂಡಿಟ್ಟು ಕೊಂದ. ಏಪ್ರಿಲಿನಿಂದ ಹಮಾಸ್ ಎಂಬ ಪ್ಯಾಲೆಸ್ಟೀನಿ ಸಶಸ್ತ್ರ ಗುಂಪು ಇಸ್ರೇಲಿನ ಊರುಗಳಲ್ಲಿ ಆತ್ಮಾಹುತಿ ಬಾಂಬ್ ಸಿಡಿಸಲು ಶುರು ಮಾಡಿತು, ಜನ ಬಸ್ ಹತ್ತಲು ಹೆದರಿದರು. 1995ರ ನವೆಂಬರ್ 4ರಂದು ಟೆಲ್ ಅವೀವಿನ ಶಾಂತಿ ಸಭೆ ಮುಗಿಸಿ ಇಳಿಯುತ್ತಿದ್ದ ರಾಬಿನ್‌ಗೆ ಗುಂಡು ಹೊಡೆದವನು ಅರಬ ಅಲ್ಲ, ಯಹೂದಿ. ಆರು ತಿಂಗಳಿಗೆ ಚುನಾವಣೆ, ಶೇ 1ಕ್ಕಿಂತ ಕಡಿಮೆ ಅಂತರದಲ್ಲಿ ಆ ಒಪ್ಪಂದವನ್ನು ವಿರೋಧಿಸುತ್ತಿದ್ದ ನೆತನ್ಯಾಹು ಗೆದ್ದರು. ಆಮೇಲೆ 2000ದಲ್ಲಿ ಕ್ಯಾಂಪ್ ಡೇವಿಡ್‌ನಲ್ಲಿ ಕೂತರು, ಆಗಲಿಲ್ಲ. 2008ರಲ್ಲಿ ಇಸ್ರೇಲಿನ ಪ್ರಧಾನಿ ಓಲ್ಮರ್ಟ್ ಒಂದು ನಕ್ಷೆ ತೋರಿಸಿದರು, ಪ್ಯಾಲೆಸ್ಟೀನಿಯರ ಅಧ್ಯಕ್ಷ ಅಬ್ಬಾಸ್ ಸಹಿ ಹಾಕಲಿಲ್ಲ. ಅಷ್ಟು ಹೊತ್ತಿಗೆ ಗಾಜಾ ಹಮಾಸ್ ಕೈಗೆ ಹೋಗಿ ವರ್ಷವಾಗಿತ್ತು.

"ಅವರಿಬ್ಬರಿಗೂ ದ್ವೇಷ, ಅದಕ್ಕೇ ಶಾಂತಿ ಆಗುವುದಿಲ್ಲ" ಅನ್ನುವವರನ್ನು ನಾನು ಒಪ್ಪುವುದಿಲ್ಲ. ಈಜಿಪ್ಟ್ ನೋಡು. 1973ರಲ್ಲಿ ಇಸ್ರೇಲಿನ ಜೊತೆ ಭೀಕರ ಯುದ್ಧ. ನಾಲ್ಕೇ ವರ್ಷಕ್ಕೆ ಈಜಿಪ್ಟಿನ ಅಧ್ಯಕ್ಷ ಸಾದತ್ ಜೆರುಸಲೇಮಿಗೆ ಹೋಗಿ ಅವರ ಪಾರ್ಲಿಮೆಂಟಿನಲ್ಲೇ ಭಾಷಣ ಮಾಡಿದರು. 1979ರಲ್ಲಿ ಒಪ್ಪಂದ. ಇಸ್ರೇಲ್ ಈಜಿಪ್ಟಿನಿಂದ ಕಿತ್ತುಕೊಂಡಿದ್ದ ಸಿನಾಯ್ ಪೂರ್ತಿ ಬಿಟ್ಟುಕೊಟ್ಟಿತು, ಅಲ್ಲಿ ಕಟ್ಟಿದ್ದ ಯಮಿತ್ ಎಂಬ ಊರನ್ನು 1982ರಲ್ಲಿ ತಾನೇ ಕೆಡವಿತು. ಸಾದತ್‌ರನ್ನು ಅವರ ಸೈನಿಕರೇ ಕೊಂದರು, ಒಪ್ಪಂದ ಮಾತ್ರ ಉಳಿಯಿತು. ಈಗಲೂ ಎರಡೂ ಕಡೆಯ ಜನರಿಗೆ ಪ್ರೀತಿಗೀತಿ ಏನಿಲ್ಲ. ಆದರೆ 46 ವರ್ಷದಿಂದ ಯುದ್ಧ ಇಲ್ಲ. ಅಲ್ಲಿ ಗಡಿ ಇತ್ತು, ಬಿಟ್ಟುಕೊಡಬೇಕಾದ್ದನ್ನು ಬಿಟ್ಟುಕೊಟ್ಟರು, ತಪ್ಪಿದರೆ ಕಿವಿ ಹಿಂಡಲಿಕ್ಕೆ ಅಮೆರಿಕ ದುಡ್ಡು ಹಿಡಿದು ನಿಂತಿತ್ತು. ಅಮೀನ ಬಂದ ಕೇಸು ಅದು.

ಪ್ಯಾಲೆಸ್ಟೀನಿಯರಿಗೆ ಅಮೀನ ಬಂದೇ ಇಲ್ಲ. ನಿನ್ನ ಕಟ್ಟಡದ ಬಾತ್‌ರೂಮ್ ಟೈಲ್ಸ್ ಹಾಕಿದ, ವೆಸ್ಟ್ ಬ್ಯಾಂಕಿನ ಜೆನಿನ್ ಕಡೆಯ ಮೇಸ್ತ್ರಿ ನೆನಪಿದ್ದಾನಾ? ಬೆಳಗಿನ ಜಾವ ಚೆಕ್‌ಪಾಯಿಂಟಿನಲ್ಲಿ ಸಾಲು ನಿಂತು ಬರುತ್ತಿದ್ದವನು, ನಿನಗೆ ಝಾತರ್ ಮಸಾಲೆ ಹಚ್ಚಿದ ರೊಟ್ಟಿ ಕೊಡುತ್ತಿದ್ದವನು. 2023ರ ಅಕ್ಟೋಬರ್ 7ಕ್ಕೆ ಇಸ್ರೇಲಿನ ಮೇಲೆ ಹಮಾಸ್ ದಾಳಿ ಆದ ಮೇಲೆ ಅವನ ಪರ್ಮಿಟ್ ಹೋಯಿತು, ವೆಸ್ಟ್ ಬ್ಯಾಂಕಿನ ಲಕ್ಷಕ್ಕೂ ಹೆಚ್ಚು ಕೆಲಸಗಾರರದ್ದು ಹೋದ ಹಾಗೆ. ಅವರ ಜಾಗಕ್ಕೆ ಉತ್ತರಪ್ರದೇಶ, ಹರಿಯಾಣದ ಹುಡುಗರು ಬಂದರು. ಅವರ ಮೇಲೆ ನನಗೆ ಕೋಪ ಇಲ್ಲ, ಹೊಟ್ಟೆಪಾಡು, ನೀನು ಹೋದದ್ದೂ ಅದಕ್ಕೇ. ಆದರೆ ಆ ಮೇಸ್ತ್ರಿಯ ಮಗ ಈಗ ಮನೆಯಲ್ಲಿ ಕೂತು ಏನು ಕೇಳಿಸಿಕೊಳ್ಳುತ್ತಿರಬಹುದು ಅಂತ ಯೋಚನೆ ಬರುತ್ತದೆ.

ಅಕ್ಟೋಬರ್ 7ರ ಬಗ್ಗೆ ನೀನು ನನಗಿಂತ ಜಾಸ್ತಿ ಬಲ್ಲೆ. 1,200 ಜನ ಒಂದೇ ದಿನಕ್ಕೆ, 251 ಜನ ಒತ್ತೆಯಾಳು. ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಆಮೇಲೆ ಗಾಜಾದಲ್ಲಿ 68 ಸಾವಿರಕ್ಕೂ ಹೆಚ್ಚು ಜನ ಸತ್ತರು ಅಂತ ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕ. 365 ಚದರ ಕಿಲೋಮೀಟರು, 20 ಲಕ್ಷ ಜನ, ನಮ್ಮ ಉಡುಪಿ ಜಿಲ್ಲೆಯ ಹತ್ತನೇ ಒಂದು ಪಾಲು ಜಾಗ. ಅದಕ್ಕೂ ಸಮಜಾಯಿಷಿ ಇಲ್ಲ. ಇವೆರಡನ್ನೂ ಒಂದೇ ಉಸಿರಿಗೆ ಹೇಳಿದರೆ ನಮ್ಮ ಗ್ರೂಪಿನಲ್ಲಿ ಎರಡೂ ಕಡೆಯವರು ಬೈಯುತ್ತಾರೆ. ಬೈಯಲಿ.

ಅವತ್ತು ಸತ್ತವರಲ್ಲಿ ವಿವಿಯನ್ ಸಿಲ್ವರ್ ಅಂತ ಒಬ್ಬರಿದ್ದರು, 74 ವರ್ಷ. ಗಾಜಾ ಗಡಿಯ ಬೆಏರಿ ಕಿಬ್ಬುತ್ಸ್‌ನಲ್ಲಿ, ಅಂದರೆ ಎಲ್ಲರೂ ಕೂಡಿ ದುಡಿದು ಬಾಳುವ ಹಳ್ಳಿಯಲ್ಲಿದ್ದರು. ಗಾಜಾದ ರೋಗಿಗಳನ್ನು ಗಡಿಯಿಂದ ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಇಸ್ರೇಲಿನ ಆಸ್ಪತ್ರೆಗೆ ಬಿಟ್ಟು ಬರುತ್ತಿದ್ದ ಹೆಂಗಸು. ಅಕ್ಟೋಬರ್ 4ಕ್ಕೆ ಜೆರುಸಲೇಮಿನಲ್ಲಿ ಇಸ್ರೇಲಿ, ಪ್ಯಾಲೆಸ್ಟೀನಿ ಹೆಂಗಸರು ಸೇರಿ ಶಾಂತಿಗೆ ದೊಡ್ಡ ಸಭೆ ಮಾಡಿದರು. ಅದನ್ನು ಮಾಡಿದ ಇಸ್ರೇಲಿ ಸಂಘಟನೆ ಕಟ್ಟಿದವರಲ್ಲಿ ಇವರೂ ಒಬ್ಬರು. ಮೂರು ದಿನಕ್ಕೆ ಮನೆಗೆ ನುಗ್ಗಿ ಕೊಂದರು. ಒತ್ತೆಯಾಳಾಗಿ ಒಯ್ದಿರಬೇಕು ಅಂತ ಐದು ವಾರ ಕಾದರು, ಗುರುತು ಸಿಕ್ಕಿದ್ದು ಆಮೇಲೆ. ಅವರ ಮಗ ಯೊನಾತನ್ ಝೈಗೆನ್ ಈಗ ಅಮ್ಮನ ಕೆಲಸವನ್ನೇ ಹಿಡಿದು ಕೂತಿದ್ದಾನೆ. ನನಗೆ ಅದು ಅರ್ಥವೇ ಆಗುವುದಿಲ್ಲ ಮಾರಾಯಾ, ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಬಸ್ಸಾಮ್ ಅರಾಮಿನ್ ಎಂಬ ಪ್ಯಾಲೆಸ್ಟೀನಿಯ ಹತ್ತು ವರ್ಷದ ಮಗಳು 2007ರಲ್ಲಿ ಶಾಲೆಯ ಹೊರಗೆ ಇಸ್ರೇಲಿ ಪೊಲೀಸಿನ ರಬ್ಬರ್ ಗುಂಡಿಗೆ ಸತ್ತಳು. ರಾಮಿ ಎಲ್ಹನಾನ್ ಎಂಬ ಇಸ್ರೇಲಿಯ ಹದಿನಾಲ್ಕು ತುಂಬದ ಮಗಳು 1997ರಲ್ಲಿ ಜೆರುಸಲೇಮಿನ ಪೇಟೆಯಲ್ಲಿ ಆತ್ಮಾಹುತಿ ಬಾಂಬಿಗೆ ಸತ್ತಳು. ಇವರಿಬ್ಬರು ವರ್ಷಗಟ್ಟಲೆಯಿಂದ ಒಂದೇ ಮೇಜಿನ ಹಿಂದೆ ಕೂತು ಶಾಲೆ ಶಾಲೆಗೆ ಹೋಗಿ ಮಾತಾಡುತ್ತಾರೆ. ಇಂಥವರು ಸಾಕ್ಷಿ ಹೇಳಬಲ್ಲರು. ಅಮೀನನ ಕೆಲಸ ಅವರ ಕೈಯಲ್ಲಿಲ್ಲ.

ಹಾಗಾದರೆ ಮುಗಿಯುತ್ತದಾ? 2025ರ ಅಕ್ಟೋಬರ್ 10ರಿಂದ ಕದನವಿರಾಮ ಇದೆ, ಬದುಕಿದ್ದ 20 ಒತ್ತೆಯಾಳುಗಳು ಮನೆಗೆ ಬಂದರು, ಸುಮಾರು 2 ಸಾವಿರ ಪ್ಯಾಲೆಸ್ಟೀನಿ ಕೈದಿಗಳೂ ಬಿಡುಗಡೆಯಾದರು. ನನ್ನ ಲೆಕ್ಕದಲ್ಲಿ ಇದು ಸ್ಟೇ ಅಷ್ಟೇ, ಅದೂ ದಿನಾ ಮುರಿಯುತ್ತಿರುವ ಸ್ಟೇ. ಗಾಜಾದ ಅರ್ಧಕ್ಕಿಂತ ಹೆಚ್ಚು ಜಾಗ ಕದನವಿರಾಮಕ್ಕೆ ಎಳೆದ ಹಳದಿ ಗೆರೆಯ ಆಚೆ ಇಸ್ರೇಲಿ ಸೈನ್ಯದ ಕೈಯಲ್ಲಿದೆ. ಹಮಾಸ್ ಬಂದೂಕು ಇಟ್ಟಿಲ್ಲ. ಟ್ರಂಪ್ ಅವರ 20 ಅಂಶಗಳ ಶಾಂತಿ ಯೋಜನೆಯಲ್ಲಿ ಪ್ಯಾಲೆಸ್ಟೀನ್ ರಾಷ್ಟ್ರದ ಮಾತು ಇದೆ, ಆದರೆ ಆಗಬಹುದು, ಹೋಗಬಹುದು ಅನ್ನುವ ಭಾಷೆಯಲ್ಲಿ. ನಮ್ಮ ವಕೀಲರು ಅಂಥ ಕರಡು ಕಂಡರೆ ನನ್ನ ಮುಖಕ್ಕೆ ಎಸೆಯುತ್ತಾರೆ. ವೆಸ್ಟ್ ಬ್ಯಾಂಕಿನಲ್ಲಿ ಕಟ್ಟುವುದು ನಿಲ್ಲುತ್ತದಾ ನೋಡು, ಅದೊಂದನ್ನೇ ನೋಡು. ಅದು ನಿಂತ ದಿನ ನನಗೆ ಫೋನ್ ಮಾಡು, ಆಗ ನಾನು ಆಸೆ ಇಟ್ಟುಕೊಳ್ಳುತ್ತೇನೆ. ಸ್ವಾಧೀನ ಯಾರ ಕೈಯಲ್ಲಿದೆಯೋ ಮೊದಲ ಹೆಜ್ಜೆ ಅವನದ್ದೇ ಆಗಬೇಕು.

ಉದ್ದವಾಯಿತು. ನಿನ್ನ ಅಮ್ಮ ನಿನ್ನೆ ಸಿಕ್ಕಿದ್ದರು, ವೀಸಾ ಇನ್ನೆಷ್ಟು ತಿಂಗಳು ಅಂತ ಕೇಳಿದರು, ನಾನು ಮಾತು ತೇಲಿಸಿದೆ. ಮಿಡಿ ಉಪ್ಪಿನಕಾಯಿ ಎರಡು ಬಾಟಲಿ ಕೊಟ್ಟಿದ್ದಾರೆ, ಮುಂದಿನ ವಾರ ಬರುವ ಹುಡುಗನ ಕೈಯಲ್ಲಿ ಕಳಿಸುತ್ತೇನೆ. ಒಂದು ಅಜ್ಜನಿಗೆ. ಅವರು ಎಲ್ಲದಕ್ಕೂ ಅಂಬಾ ಸುರಿದುಕೊಳ್ಳುತ್ತಾರೆ ಅಂತ ಹೇಳಿದ್ದೆಯಲ್ಲ, ಆ ಹಳದಿ ಮಾವಿನ ಉಪ್ಪಿನಕಾಯಿ ಬೊಂಬಾಯಿಗೆ ವ್ಯಾಪಾರಕ್ಕೆ ಬಂದ ಬಾಗ್ದಾದಿನ ಯಹೂದಿಗಳು ಇಲ್ಲಿಂದ ಒಯ್ದದ್ದಂತೆ, ಹೆಸರೂ ನಮ್ಮ ಕಡೆಯದ್ದೇ. ನಮ್ಮ ಮಿಡಿ ಅದಕ್ಕಿಂತ ಖಾರ, ಶುಗರ್ ಇದ್ದರೆ ತೊಂದರೆ ಇಲ್ಲ, ಬಿಪಿ ಇದ್ದರೆ ಉಪ್ಪು ನೋಡಿಕೊಂಡು ಕೊಡು. ಜಾಸ್ತಿ ಇದ್ದರೆ ಮೆಡಿಕಲ್‌ನ ಹುಡುಗಿಗೂ ಸ್ವಲ್ಪ ಕೊಡು, ಏನಂದಳು ಹೇಳು.

ನಿನ್ನವ