ಚಿಪ್‌ನಲ್ಲೇ ಇರುವ ಎನ್‌ಕೋಡರ್ ಬಿಟ್ಟು ಲಟ್ (ಚಿಪ್‌ನಲ್ಲಿ ಲಾಜಿಕ್ ಕಟ್ಟುವ ಪುಟ್ಟ ಘಟಕ) ನುಂಗುತ್ತಿರುವ ನಿಮ್ಮ ಲಿಂಕ್ ಕೋರ್ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ತಾಂತ್ರಿಕ ಸೇವಾ ವಿಭಾಗ

ವಿಷಯ: ಸೀರಿಯಲ್ ಲಿಂಕ್ ಐಪಿ ಕೋರ್‌ನಲ್ಲಿ ಟ್ರಾನ್ಸೀವರ್‌ನ (ಚಿಪ್‌ನಲ್ಲಿ ಡೇಟಾ ಕಳಿಸಿ ಪಡೆಯುವ ಭಾಗ) 8ಬಿ/10ಬಿ ಎನ್‌ಕೋಡರ್ (8 ಬಿಟ್ ಡೇಟಾವನ್ನು 10 ಬಿಟ್‌ನ ಕೋಡ್ ಮಾಡುವ ಘಟಕ) ಬಳಸದಿರುವುದು

ಮಾನ್ಯರೇ,

ಕಾಫಿ ಬೀಜವನ್ನು ಕ್ಯಾಮೆರಾದಲ್ಲಿ ನೋಡಿ ವಿಂಗಡಿಸುವ ಯಂತ್ರಗಳಿಗೆ ನಾವು ಬೋರ್ಡ್ ಮಾಡಿಕೊಡುತ್ತೇವೆ. ಕ್ಯಾಮೆರಾ ಬೋರ್ಡ್‌ನಿಂದ ಮುಖ್ಯ ಬೋರ್ಡ್‌ಗೆ ಚಿತ್ರ ಸಾಗಿಸಲು ನಿಮ್ಮ ಲಿಂಕ್ ಕೋರ್‌ನ (ಸಿದ್ಧ ಸರ್ಕ್ಯೂಟ್ ವಿನ್ಯಾಸದ) ಲೈಸೆನ್ಸ್ ಪಡೆದಿದ್ದೇವೆ, ವಾರ್ಷಿಕ ಸಪೋರ್ಟ್‌ಗೂ ಹಣ ಕಟ್ಟಿದ್ದೇವೆ. ಲಿಂಕ್ ಓಡುತ್ತದೆ, ಡೇಟಾ ತಪ್ಪಿಲ್ಲದೆ ಬರುತ್ತದೆ, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಕೋರ್ ಎಫ್‌ಪಿಜಿಎಯಲ್ಲಿ (ಒಳಗಿನ ಸರ್ಕ್ಯೂಟನ್ನು ಬಳಸುವವರೇ ರೂಪಿಸಿಕೊಳ್ಳುವ ಚಿಪ್) ಹಿಡಿಯುವ ಜಾಗದ ಬಗ್ಗೆ, ಅದನ್ನು ಕೇಳಿದಾಗ ನಿಮ್ಮವರು ಕೊಟ್ಟ ಉತ್ತರದ ಬಗ್ಗೆ.

ನಾವು ಬಳಸುವುದು ಆರ್ಟಿಕ್ಸ್-7 ಸರಣಿಯ 35ಟಿ ಚಿಪ್. ಇರುವುದೇ 20,800 ಲಟ್. ಅಷ್ಟರಲ್ಲೇ ಬಣ್ಣ ತಿದ್ದುವ ಲಾಜಿಕ್, ಅಂಚು ಹುಡುಕುವ ಫಿಲ್ಟರ್, ಕರಿ ಬೀಜ ಮತ್ತು ಒಡೆದ ಬೀಜ ಗುರುತಿಸುವ ಭಾಗ ಎಲ್ಲ ಕೂರಬೇಕು. ಲಿಂಕ್‌ನ ನಾಲ್ಕು ಲೇನ್‌ಗಳೂ (ಡೇಟಾ ಸಾಗುವ ಸಮಾನಾಂತರ ದಾರಿಗಳು) ಸೇರಿದ ಮೇಲೆ ಒಡೆದ ಬೀಜದ ಫಿಲ್ಟರ್‌ಗೆ ಜಾಗ ಉಳಿಯಲಿಲ್ಲ. ಯುಟಿಲೈಸೇಶನ್ ರಿಪೋರ್ಟನ್ನು ಪತ್ರದ ಜೊತೆ ಲಗತ್ತಿಸಿದ್ದೇನೆ, ದಯವಿಟ್ಟು ಲೇನ್‌ವಾರು ನೋಡಿ.

ನಿಮ್ಮ ಕೋಡ್ ಎನ್‌ಕ್ರಿಪ್ಟ್ ಆಗಿ ಬಂದಿದೆ, ಓದಲು ಸಿಗುವುದು ಟ್ರಾನ್ಸೀವರ್‌ನ ರ್ಯಾಪರ್ ಫೈಲ್ ಒಂದೇ. ಅದನ್ನು ತೆರೆದರೆ ಟಿಎಕ್ಸ್‌8ಬಿ10ಬಿಇಎನ್, ಆರ್‌ಎಕ್ಸ್‌8ಬಿ10ಬಿಇಎನ್ ಎರಡೂ ಪೋರ್ಟ್ ಸೊನ್ನೆಗೆ ಕಟ್ಟಿವೆ. ಹತ್ತು ಬಿಟ್‌ನ ಸಿಂಬಲ್‌ನಲ್ಲಿ ಡೇಟಾ ಪೋರ್ಟ್‌ಗೆ ಹಿಡಿಸದ ಎರಡು ಬಿಟ್‌ಗಳನ್ನು ಡಿಸ್ಪ್ಯಾರಿಟಿ ಪೋರ್ಟ್‌ಗಳ ಮೂಲಕ ದಾಟಿಸಿದ್ದೀರಿ. ಅಂದರೆ ಜಿಟಿಪಿ ಟ್ರಾನ್ಸೀವರ್‌ನ ಒಳಗೆ ಸಿಲಿಕಾನ್‌ನಲ್ಲೇ ಇರುವ ಎನ್‌ಕೋಡರ್ ಮತ್ತು ಡಿಕೋಡರ್ ಬಂದ್ ಮಾಡಿ, ಅದೇ ಕೆಲಸವನ್ನು ನಮ್ಮ ಲಟ್‌ಗಳಲ್ಲಿ ಮತ್ತೆ ಕಟ್ಟಿದ್ದೀರಿ. ಕಾಮಾ (ಬೈಟ್‌ನ ಗಡಿ ತೋರಿಸುವ ವಿಶೇಷ ಬಿಟ್ ಮಾದರಿ) ಹುಡುಕಿ ಬೈಟ್‌ನ ಗಡಿ ಹೊಂದಿಸುವ ಘಟಕಕ್ಕೂ ಇದೇ ಗತಿ. ಅದಕ್ಕೆ ಬೇಕಾದ, ಬಿಟ್‌ಗಳನ್ನು ಸರಿಸುವ 20 ಬಿಟ್ ಅಗಲದ ಬ್ಯಾರೆಲ್ ಶಿಫ್ಟರ್ ಎಂದರೆ ಪ್ರತಿ ಬಿಟ್‌ಗೂ ಒಂದು ದೊಡ್ಡ ಮಕ್ಸ್ (ಹಲವು ಇನ್‌ಪುಟ್‌ಗಳಲ್ಲಿ ಒಂದನ್ನು ಆರಿಸುವ ಸರ್ಕ್ಯೂಟ್). ಅದು ನಾಲ್ಕು ಲೇನ್‌ಗೆ ನಾಲ್ಕು ಸಲ.

ಜಾಗ ಹೋದದ್ದಷ್ಟೇ ಅಲ್ಲ, ಟೈಮಿಂಗ್ ಕೂಡ ಕೆಟ್ಟಿದೆ. 2.5 ಗಿಗಾಬಿಟ್ ವೇಗದ ಲೇನ್‌ಗೆ 20 ಬಿಟ್ ಅಗಲದಲ್ಲಿ ಕ್ಲಾಕ್ 125 ಮೆಗಾಹರ್ಟ್ಸ್, ಒಂದು ಸುತ್ತಿಗೆ 8 ನ್ಯಾನೋಸೆಕೆಂಡ್. ಅಷ್ಟರಲ್ಲಿ ಎರಡು ಬೈಟ್ ಎನ್‌ಕೋಡ್ ಆಗಬೇಕು. ಎರಡನೆಯ ಬೈಟ್‌ಗೆ ಯಾವ ರೂಪ ಎಂಬುದು ಮೊದಲನೆಯದು ಬಿಟ್ಟುಹೋದ ರನ್ನಿಂಗ್ ಡಿಸ್ಪ್ಯಾರಿಟಿ (ಈವರೆಗೆ ಕಳಿಸಿದ ಒಂದು ಮತ್ತು ಸೊನ್ನೆಗಳ ಎಣಿಕೆಯ ವ್ಯತ್ಯಾಸ) ಮೇಲೆ ನಿಂತಿರುವುದರಿಂದ ಲಾಜಿಕ್ ಸರಪಳಿಯಾಗಿ ಉದ್ದವಾಗುತ್ತದೆ. ಚಿಪ್ ತುಂಬಿದಂತೆ ರೂಟಿಂಗ್ ಸುತ್ತಿ ಬಳಸಿ ಹೋಗುತ್ತದೆ, ಸ್ಲ್ಯಾಕ್ (ಸುತ್ತಿನಲ್ಲಿ ಉಳಿಯುವ ಸಮಯ) ಮೈನಸ್‌ಗೆ ಇಳಿಯುತ್ತದೆ. ನಮ್ಮ ಟೈಮಿಂಗ್ ರಿಪೋರ್ಟಿನಲ್ಲಿ ಸೋತ ದಾರಿಗಳೆಲ್ಲ ನಿಮ್ಮ ಕೋರ್‌ನ ಒಳಗಿನವೇ.

ಇದನ್ನು ಬರೆದು ಕೇಳಿದ್ದಕ್ಕೆ ನಿಮ್ಮ ಸಪೋರ್ಟ್‌ನವರ ಮೊದಲ ಉತ್ತರ: “ಮುಂದಿನ ದೊಡ್ಡ ಚಿಪ್‌ಗೆ ಹೋಗಿ.” ಆ ಹೆಚ್ಚುವರಿ ಬೆಲೆ ನಾವು ಮಾರುವ ಪ್ರತಿ ಯಂತ್ರದ ಮೇಲೂ ಬೀಳುತ್ತದೆ ಎಂಬುದನ್ನು ಅವರು ಯೋಚಿಸಿದಂತಿಲ್ಲ. ಎರಡನೆಯ ಉತ್ತರ, ಕೋರ್ ಎಲ್ಲ ಚಿಪ್‌ಗಳಲ್ಲೂ ಓಡಬೇಕು, ಅದಕ್ಕೇ ಹೀಗೆ ಬರೆದಿದ್ದೇವೆ ಎಂದು. ಈ ಮಾತಿನಲ್ಲಿ ಹುರುಳಿದೆ. ಟ್ರಾನ್ಸೀವರೇ ಇಲ್ಲದ ಚಿಪ್‌ಗಳಿಗೆ ಲಟ್‌ನಲ್ಲಿ ಬರೆದ ಎನ್‌ಕೋಡರ್ ಬೇಕೇಬೇಕು. ಆದರೆ ಒಂದು ಪ್ಯಾರಾಮೀಟರ್, ಬೇಕಾದ ಕೋಡನ್ನಷ್ಟೇ ಸೇರಿಸುವ ಒಂದು ಜನರೇಟ್ ಬ್ಲಾಕ್ ಇಟ್ಟರೆ ಎರಡೂ ಬಗೆಯ ಗ್ರಾಹಕರಿಗೆ ಅನುಕೂಲವಾಗುತ್ತದೆ. ಲೇಟೆನ್ಸಿ (ಡೇಟಾ ತಲುಪಲು ಹಿಡಿಯುವ ಸಮಯ) ಪ್ರತಿ ಸಲ ಒಂದೇ ಇರಬೇಕೆಂದು ಅಲೈನ್‌ಮೆಂಟನ್ನು ತಮ್ಮ ಹತೋಟಿಯಲ್ಲಿ ಇಟ್ಟುಕೊಳ್ಳುವವರಿದ್ದಾರೆ, ಅವರಿಗೂ ಆ ಟ್ರಾನ್ಸೀವರ್‌ನಲ್ಲೇ ಬಿಟ್‌ಗಳನ್ನು ತಾವೇ ಸರಿಸಿಕೊಳ್ಳುವ ಆರ್‌ಎಕ್ಸ್‌ಸ್ಲೈಡ್ ಪೋರ್ಟ್ ಇದೆ.

8ಬಿ/10ಬಿ ನಾಳೆ ಬದಲಾಗುವ ಕೋಡ್ ಅಲ್ಲ. 1983ರಲ್ಲಿ ಐಬಿಎಂನ ವಿಡ್ಮರ್ ಮತ್ತು ಫ್ರಾನಾಸ್ಜೆಕ್ ಪ್ರಕಟಿಸಿದ ಆ ಕೋಷ್ಟಕವನ್ನೇ ಫೈಬರ್ ಮೇಲಿನ ಗಿಗಾಬಿಟ್ ಈಥರ್‌ನೆಟ್, ಸಾಟಾ, ಪಿಸಿಐ ಎಕ್ಸ್‌ಪ್ರೆಸ್‌ನ ಮೊದಲ ಎರಡು ತಲೆಮಾರುಗಳು ಬಳಸಿದವು. ಇಷ್ಟು ಕಡೆ ಬೇಕಾದದ್ದಕ್ಕೇ ಚಿಪ್ ತಯಾರಕರು ಅದನ್ನು ಟ್ರಾನ್ಸೀವರ್ ಒಳಗೆ ಇಟ್ಟಿರುವುದು. ಚಿಪ್‌ಗೆ ಹಣ ಕೊಟ್ಟಾಗಲೇ ನಾವು ಅದಕ್ಕೂ ಹಣ ಕೊಟ್ಟಾಗಿದೆ.

ಸಂದೇಹ ಉಳಿಯಬಾರದೆಂದು ಒಂದು ಪರೀಕ್ಷೆಯನ್ನೂ ಮಾಡಿದೆವು. ಕಳಿಸುವ ಬೋರ್ಡ್‌ನಲ್ಲಿ ನಿಮ್ಮ ಕೋರ್ ಹಾಗೇ ಇಟ್ಟು, ಪಡೆಯುವ ಬೋರ್ಡ್‌ನಲ್ಲಿ ಚಿಪ್‌ನ ಸ್ವಂತ ಡಿಕೋಡರ್ ಮತ್ತು ಕಾಮಾ ಅಲೈನರ್ ಆನ್ ಮಾಡಿದೆವು. ಕಾಮಾ ಇರುವ ಕೆ28.5 ಸಿಂಬಲ್ ಸಿಕ್ಕ ಕೂಡಲೇ ಅಲೈನ್ ಆಯಿತು. ರಾತ್ರಿಯಿಡೀ ಓಡಿಸಿದರೂ ಕೋಡ್‌ನ ತಪ್ಪು ತೋರಿಸುವ ಸಂಕೇತಗಳಾದ ಆರ್‌ಎಕ್ಸ್‌ನಾಟ್‌ಇನ್‌ಟೇಬಲ್, ಆರ್‌ಎಕ್ಸ್‌ಡಿಸ್ಪ್‌ಎರ್ ಒಮ್ಮೆಯೂ ಎದ್ದಿಲ್ಲ. ಹಾಗಾಗಿ ಕೇಬಲ್ ಮೇಲಿನ ಬಿಟ್‌ಗಳಿಗೆ ತೊಂದರೆಯಾಗುತ್ತದೆ ಎಂಬ ಉತ್ತರ ಬಂದರೆ ನಾವು ಒಪ್ಪುವುದಿಲ್ಲ.

ಸಪೋರ್ಟ್ ಒಪ್ಪಂದದ ಅಡಿಯಲ್ಲಿ, ಬೇರೆ ಶುಲ್ಕವಿಲ್ಲದೆ, ಟ್ರಾನ್ಸೀವರ್‌ನ ಎನ್‌ಕೋಡರ್ ಆಯ್ದುಕೊಳ್ಳಬಹುದಾದ ಆವೃತ್ತಿಯನ್ನು ನಮಗೆ ಕೊಡಬೇಕು. ಅದು ತಡವಾಗುವುದಾದರೆ ಆ ಒಂದು ಭಾಗದ ಮೂಲ ಕೋಡನ್ನಾದರೂ ತೆರೆದು ಕೊಡಿ, ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿ ನಾವೇ ತಿದ್ದಿಕೊಳ್ಳುತ್ತೇವೆ. ನಿಮ್ಮ ಡೇಟಾಶೀಟ್‌ನಲ್ಲಿ ಒಂದು ಲೇನ್‌ನ ಲಟ್ ಲೆಕ್ಕ ಮಾತ್ರ ಇದೆ, ಎನ್‌ಕೋಡಿಂಗ್ ಲಟ್‌ಗಳಲ್ಲೇ ನಡೆಯುತ್ತದೆ ಎಂಬ ಮಾತು ಎಲ್ಲೂ ಇಲ್ಲ. ಅದನ್ನೂ ಸರಿಪಡಿಸಿ, ಕೊಳ್ಳುವ ಮೊದಲೇ ಗೊತ್ತಿದ್ದರೆ ನಾವು ಬೇರೆ ತೀರ್ಮಾನ ಮಾಡುತ್ತಿದ್ದೆವು. ಇವು ಯಾವುದೂ ಆಗದು ಎಂದಾದರೆ ಲೈಸೆನ್ಸ್ ಹಣ ಹಿಂದಿರುಗಿಸಿ.

ಮುಂದಿನ ಬ್ಯಾಚ್‌ನ ಚಿಪ್‌ಗೆ ಈ ತಿಂಗಳ ಕೊನೆಯೊಳಗೆ ಆರ್ಡರ್ ಹಾಕಬೇಕಿದೆ. ಅಷ್ಟರೊಳಗೆ, ಕೋರ್ ಬರೆದ ಇಂಜಿನಿಯರ್ ಓದಿ ಕೊಟ್ಟ ಲಿಖಿತ ಉತ್ತರ ನಮಗೆ ತಲುಪಬೇಕು.

ಇಂತಿ ತಮ್ಮ ವಿಶ್ವಾಸಿ,
ಹಾರ್ಡ್‌ವೇರ್ ವಿನ್ಯಾಸ ವಿಭಾಗದ ಮುಖ್ಯಸ್ಥ,
ಬೆಂಗಳೂರು

ಲಗತ್ತು: ಯುಟಿಲೈಸೇಶನ್ ರಿಪೋರ್ಟ್, ಟೈಮಿಂಗ್ ರಿಪೋರ್ಟ್, ಪರೀಕ್ಷೆಯ ಲಾಗ್