ಇಲ್ಲದ ಗಂಡನ ಆದಾಯವನ್ನು ನನ್ನ ಅರ್ಜಿಯಿಂದ ಕೈಬಿಡಿ: ನಮ್ಮ ಕ್ಷೇತ್ರದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ವಂದನೆಗಳು.

ಕಳೆದ ತಿಂಗಳು ತಾವು ನಮ್ಮೂರಿನ ಶಾಲೆಯ ಹೊಸ ಕೊಠಡಿಯನ್ನು ಉದ್ಘಾಟಿಸಿ, ‘ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ’ ಎಂದು ಹೇಳಿದಾಗ ನಾನೂ ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದ್ದೆ. ಅದೇ ದಿನ ಮಧ್ಯಾಹ್ನ ನನ್ನ ವಿದ್ಯಾರ್ಥಿವೇತನದ ಅರ್ಜಿ ಮೂರನೆಯ ಬಾರಿಗೆ ‘ದಾಖಲೆ ಅಪೂರ್ಣ’ ಎಂಬ ಷರಾ ಹೊತ್ತು ಹಿಂದಿರುಗಿತು. ಅಪೂರ್ಣವೆನಿಸಿದ ಆ ದಾಖಲೆ ನನ್ನದಲ್ಲ. 2018ರಲ್ಲಿ ನನ್ನನ್ನೂ ಇಬ್ಬರು ಮಕ್ಕಳನ್ನೂ ಬಿಟ್ಟುಹೋದ ನನ್ನ ಗಂಡನ ಆದಾಯ ಪ್ರಮಾಣಪತ್ರ ಅದು. ಅರ್ಜಿ, ಮನವಿ, ಮರುಮನವಿಗಳೆಲ್ಲ ಮುಗಿದ ಮೇಲೆ, ಬೇರೆ ದಾರಿ ಕಾಣದೆ, ಎಲ್ಲರೂ ಓದುವಂತೆ ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಗಂಡ ಬಿಟ್ಟುಹೋದ ಹೆಂಗಸು ಮತ್ತೆ ಓದಲು ಹೊರಟಾಗ ಅವಳ ಅರ್ಜಿಯಲ್ಲಿ ಆ ಗಂಡನ ಆದಾಯವನ್ನು ಕೇಳಬಾರದು. ಅವಳ ಕೈಗೆ ಬರುವ ಹಣವನ್ನಷ್ಟೇ ಅವಳ ಆದಾಯವೆಂದು ಎಣಿಸಬೇಕು.

ನಿಯಮಗಳನ್ನು ತಮಗೆ ನಾನು ವಿವರಿಸಬೇಕಾಗಿಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಮಾರ್ಗಸೂಚಿಯಲ್ಲಿ ದಶಕಗಳ ಕಾಲ ಅಚ್ಚಾಗುತ್ತ ಬಂದ ಒಂದು ಸಾಲನ್ನು ತಾವೂ ನೋಡಿರುತ್ತೀರಿ. ತಂದೆ ತಾಯಿಯರಲ್ಲಿ ಒಬ್ಬರು, ಅಥವಾ ಉದ್ಯೋಗವಿಲ್ಲದ ವಿವಾಹಿತ ವಿದ್ಯಾರ್ಥಿನಿಯಾದರೆ ಅವಳ ಗಂಡ, ಜೀವಂತವಾಗಿರುವವರೆಗೆ ಅವರ ಆದಾಯವನ್ನೇ ಪರಿಗಣಿಸಬೇಕು ಎಂಬ ಸಾಲು ಅದು. ಗಂಡ ಜೀವಂತವಾಗಿರಬೇಕು, ಅಷ್ಟೇ. ಜೊತೆಗಿದ್ದಾನೆಯೇ, ಅನ್ನ ಹಾಕುತ್ತಾನೆಯೇ, ಮಕ್ಕಳ ಹೆಸರಾದರೂ ಅವನಿಗೆ ನೆನಪಿದೆಯೇ ಎಂದು ಆ ಸಾಲು ಕೇಳುವುದಿಲ್ಲ. ಅವನು ಉಸಿರಾಡುತ್ತಿದ್ದರೆ ಅವನ ದುಡಿಮೆ ನನ್ನದೆಂದು ಲೆಕ್ಕ. ನನ್ನ ಗಂಡ ಚೆನ್ನಾಗಿಯೇ ಉಸಿರಾಡುತ್ತಿದ್ದಾರೆ.

ನಾನು ಪಿಯುಸಿ ಮುಗಿಸಿದ್ದು 2009ರಲ್ಲಿ, ಮದುವೆಯಾದದ್ದು ಮರುವರ್ಷ. ಅವರು ಹೋದ ಮೇಲೆ ತಾಲ್ಲೂಕು ಕೇಂದ್ರದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸಕ್ಕೆ ಸೇರಿದೆ. ಬೆಡ್‌ಪ್ಯಾನ್ ತೆಗೆಯುವುದು, ಬಾಣಂತಿಯರನ್ನು ಎಬ್ಬಿಸಿ ಕೂರಿಸುವುದು, ಡ್ರಿಪ್ ಖಾಲಿಯಾಗುತ್ತ ಬಂದರೆ ಸಿಸ್ಟರನ್ನು ಕೂಗುವುದು, ರಾತ್ರಿಪಾಳಿಯಲ್ಲಿ ಆ ಸಿಸ್ಟರ್ ಕಣ್ಣು ಮುಚ್ಚಿದರೆ ರೋಗಿಯ ಜ್ವರ ನೋಡಿ ಬರೆದಿಡುವುದು, ಇವೆಲ್ಲ ಆರು ವರ್ಷಗಳಲ್ಲಿ ಕೈಗೆ ಬಂದವು. ಯಾರಾದರೂ ರೋಗಿ ನನ್ನನ್ನು ‘ಸಿಸ್ಟರ್’ ಎಂದರೆ ಪಕ್ಕದ ಹಾಸಿಗೆಯವರು ‘ಅವಳು ಆಯಾ ಕಣ್ರೀ’ ಎಂದು ತಿದ್ದುತ್ತಿದ್ದರು. ಅವರ ಮಾತು ಸುಳ್ಳಲ್ಲ. ತಿಂಗಳಿಗೆ ಒಂಬತ್ತು ಸಾವಿರ ರೂಪಾಯಿ ಪಡೆಯುವವಳು ಆಯಾ ಅಲ್ಲದೆ ಮತ್ತೇನು? ಕೊನೆಗೆ ಅಲ್ಲಿನ ಹಿರಿಯ ಸಿಸ್ಟರ್ ಒಬ್ಬರೇ ‘ನರ್ಸ್ ಆಗಲು ಜಿಎನ್‌ಎಂ ಕೋರ್ಸ್ ಮಾಡು, ಮೂವತ್ತೈದು ದಾಟಿದರೆ ಸೇರಿಸಿಕೊಳ್ಳುವುದಿಲ್ಲ’ ಎಂದು ಎಚ್ಚರಿಸಿದರು. ಆಗ ನನಗೆ ಮೂವತ್ತಮೂರು. ಮಾಂಗಲ್ಯವನ್ನು ಮಾರಿ ಮೊದಲ ವರ್ಷದ ಶುಲ್ಕ ಕಟ್ಟಿ 2024ರಲ್ಲಿ ಸೇರಿದೆ. ನನ್ನ ಓದಿಗೆ ಗಂಡನ ಕಡೆಯಿಂದ ಬಂದ ನೆರವು ಎಂದು ಲೆಕ್ಕ ಹಾಕಲೇಬೇಕಾದರೆ ಅದೊಂದನ್ನು ಸರ್ಕಾರ ಧಾರಾಳವಾಗಿ ಹಾಕಿಕೊಳ್ಳಲಿ.

‘ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಏನಾದರೂ ಓದಬಹುದಿತ್ತಲ್ಲ’ ಎಂದು ಹೇಳುವವರು ತುಂಬ ಜನ. ಸೂಜಿ ಚುಚ್ಚುವುದನ್ನು ಅಂಚೆಯ ಮೂಲಕ ಕಲಿಯಲು ಬರುವುದಿಲ್ಲ ಸ್ವಾಮಿ. ಬೆಳಿಗ್ಗೆ ತರಗತಿ, ಆಮೇಲೆ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಪೋಸ್ಟಿಂಗ್, ಹಾಜರಿ ಕಡ್ಡಾಯ. ಹಾಗಾಗಿ ಆಯಾ ಕೆಲಸ ಬಿಡಬೇಕಾಯಿತು. ಈಗ ಭಾನುವಾರಗಳಲ್ಲಿ ಕಲ್ಯಾಣ ಮಂಟಪವೊಂದರಲ್ಲಿ ಪಾತ್ರೆ ತೊಳೆಯುತ್ತೇನೆ, ರಾತ್ರಿ ರವಿಕೆಗಳಿಗೆ ಹುಕ್ಕು ಹಾಕಿಕೊಡುತ್ತೇನೆ. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ತಿಂಗಳು ಮನೆ ಬಾಡಿಗೆಯ ಚಿಂತೆ ಅರ್ಧ ಇಳಿಯುತ್ತದೆ.

ಗೃಹಲಕ್ಷ್ಮಿಯ ಹೆಸರೆತ್ತಿದ್ದಕ್ಕೆ ಕಾರಣವಿದೆ. ನನ್ನ ಪಡಿತರ ಚೀಟಿಯಲ್ಲಿ ಕುಟುಂಬದ ಮುಖ್ಯಸ್ಥೆ ನಾನೇ. 2013ರ ಆಹಾರ ಭದ್ರತಾ ಕಾಯ್ದೆಯೇ ಹದಿನೆಂಟು ತುಂಬಿದ ಹಿರಿಯ ಹೆಂಗಸನ್ನು ಮನೆಯ ಮುಖ್ಯಸ್ಥೆ ಎಂದು ಒಪ್ಪಿಕೊಂಡಿದೆ. ಅಂದರೆ ಅಕ್ಕಿ ಪಡೆಯುವಾಗ ನಾನು ಯಜಮಾನಿ, ಎರಡು ಸಾವಿರ ಪಡೆಯುವಾಗ ನಾನು ಯಜಮಾನಿ, ಪುಸ್ತಕ ಹಿಡಿದು ಹೋದರೆ ಮಾತ್ರ ಯಾರದೋ ಹೆಂಡತಿ.

ಇನ್ನು ಆ ಘಟನೆಯನ್ನು ಹೇಳದೆ ನನಗೆ ಸಮಾಧಾನವಿಲ್ಲ. ಎರಡನೆಯ ಬಾರಿ ಅರ್ಜಿ ಹಿಂದಿರುಗಿದಾಗ ನಾನು ಸಂಬಂಧಪಟ್ಟ ಕಚೇರಿಗೆ ಹೋಗಿ, ಗಂಡ ನಮ್ಮ ಜೊತೆಯಲ್ಲಿಲ್ಲ ಎಂದು ವಿಷಯ ನಿರ್ವಾಹಕರಿಗೆ ತಿಳಿಸಿದೆ. ‘ಹಾಗಾದರೆ ಮರಣ ಪ್ರಮಾಣಪತ್ರ ತನ್ನಿ’ ಎಂದರು. ಅವರು ಸತ್ತಿಲ್ಲ ಎಂದೆ. ‘ಹಾಗಾದರೆ ವಿಚ್ಛೇದನದ ಆದೇಶ ತನ್ನಿ’ ಎಂದರು. ಅದಕ್ಕೆ ಅವರು ನ್ಯಾಯಾಲಯಕ್ಕೆ ಬರಬೇಕಲ್ಲ, ನೋಟಿಸು ಹೋದಾಗಲೆಲ್ಲ ಮನೆ ಬದಲಿಸುತ್ತಾರೆ ಎಂದೆ. ಪಕ್ಕದ ಮೇಜಿನವರು ಸಹಾಯ ಮಾಡುವ ದನಿಯಲ್ಲಿ, ‘ಏಳು ವರ್ಷ ಸುಳಿವೇ ಇಲ್ಲದಿದ್ದರೆ ಸತ್ತ ಲೆಕ್ಕಕ್ಕೆ ಕಾನೂನಿದೆಯಮ್ಮ’ ಎಂದರು. ಸುಳಿವಿದೆ ಸಾರ್, ಸುಳಿವಿರುವುದೇ ತೊಂದರೆ, ಬೇರೆ ಜಿಲ್ಲೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ ಎಂದೆ. ಅವರಿಬ್ಬರ ಮುಖದಲ್ಲೂ ಒಂದು ಬಗೆಯ ನೆಮ್ಮದಿ ಕಾಣಿಸಿತು. ‘ಮತ್ತೇನು, ಹೋಗಿ ಅವರಿಂದಲೇ ಆದಾಯ ಪ್ರಮಾಣಪತ್ರ ಇಸ್ಕೊಂಡು ಬನ್ನಿ’ ಎಂದರು. ಜೀವನಾಂಶದ ಮಧ್ಯಂತರ ಆದೇಶದ ಪ್ರತಿ ತೋರಿಸಿದೆ. ತಿಂಗಳಿಗೆ ನಾಲ್ಕು ಸಾವಿರ ಕೊಡಬೇಕೆಂದು ಅದರಲ್ಲಿದೆ, ಬಂದದ್ದು ಮೂರು ತಿಂಗಳು ಮಾತ್ರ. ಅದನ್ನು ಓದಿ, ‘ಓಹೋ, ಇದನ್ನೂ ಆದಾಯಕ್ಕೆ ಸೇರಿಸಬೇಕಾಗುತ್ತದೆ’ ಎಂದರು.

ನಾನು ಹೋದೆ. ನಾಲ್ಕು ಗಂಟೆಯ ದಾರಿ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಕಾರಣ ಹನ್ನೆರಡು ವರ್ಷದ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಬೇಕಾಯಿತು. ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್ ಇದ್ದುದರಿಂದ ಅವಮಾನ ಪಡಲು ಹೋಗುವ ಬಸ್ಸಿನ ಖರ್ಚಂತೂ ಉಳಿಯಿತು, ಅದಕ್ಕೆ ಸರ್ಕಾರಕ್ಕೆ ಋಣಿ. ಅಂಗಡಿಯ ಮುಂದೆ ನಿಂತ ಗಿರಾಕಿಗಳ ಎದುರಿಗೇ ನಾನು ಕಾಗದ ಕೇಳಿದೆ. ‘ಕೊಡ್ತೀನಿ, ಮೊದಲು ಕೇಸು ವಾಪಸ್ ತಗೋ’ ಎಂದರು. ಆಮೇಲೆ ಮಗಳ ಕಡೆಗೆ ತಿರುಗಿ, ‘ಎಷ್ಟನೇ ಕ್ಲಾಸು?’ ಎಂದು ಕೇಳಿದರು. ಅವಳು ಉತ್ತರ ಕೊಡಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಮಾತ್ರ, ‘ಅಮ್ಮ, ನೀನು ಓದೋಕೆ ಅವರ ಪರ್ಮಿಶನ್ ಬೇಕಾ?’ ಎಂದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ತಮಗೆ ಒಪ್ಪಿಸುತ್ತಿದ್ದೇನೆ.

ವಿಚಿತ್ರವೆಂದರೆ, ಅವರು ಕೊಟ್ಟಿದ್ದರೂ ನನಗೇನೂ ಸಿಗುತ್ತಿರಲಿಲ್ಲ. ಅಂಗಡಿಯ ಗಾತ್ರ ನೋಡಿದರೆ ಅವರ ವರಮಾನ ಈ ವಿದ್ಯಾರ್ಥಿವೇತನಕ್ಕಿರುವ ವರ್ಷಕ್ಕೆ 2.5 ಲಕ್ಷದ ಮಿತಿಯನ್ನು ಎಂದೋ ದಾಟಿದೆ. ಪ್ರಮಾಣಪತ್ರ ತರದಿದ್ದರೆ ನನ್ನ ಅರ್ಜಿ ಅಪೂರ್ಣ, ತಂದರೆ ನಾನು ಅನರ್ಹಳು. ಇಂಥ ನಿಯಮವನ್ನು ಬರೆದವರು ಗಂಡ ಬಿಟ್ಟುಹೋದ ಒಬ್ಬ ಹೆಂಗಸನ್ನೂ ನೋಡಿಲ್ಲವೆಂದು ನಂಬಲು ನನಗೆ ಕಷ್ಟವಾಗುತ್ತದೆ, ಏಕೆಂದರೆ ನಮ್ಮ ಬೀದಿಯೊಂದರಲ್ಲೇ ನಾವು ನಾಲ್ವರಿದ್ದೇವೆ.

ಬೇರೆ ಯೋಜನೆಗಳನ್ನು ನೋಡಿಕೊಳ್ಳಿ ಎನ್ನುತ್ತೀರಾ? ನೋಡಿದ್ದೇನೆ. ವಿಧವಾ ವೇತನಕ್ಕೆ ನಾನು ವಿಧವೆಯಲ್ಲ. ಮನಸ್ವಿನಿ ಯೋಜನೆ ಅವಿವಾಹಿತೆಯರಿಗೂ ವಿಚ್ಛೇದಿತರಿಗೂ ಇದೆ, ಆದರೆ ನಲವತ್ತು ತುಂಬಿರಬೇಕು. ಜಿಎನ್‌ಎಂ ಮೂವತ್ತೈದಕ್ಕೆ ಬಾಗಿಲು ಹಾಕುತ್ತದೆ, ಮನಸ್ವಿನಿ ನಲವತ್ತಕ್ಕೆ ಬಾಗಿಲು ತೆರೆಯುತ್ತದೆ. ಕಲಿಯುವ ವಯಸ್ಸು ಮೀರುವವರೆಗೆ ಕಾಯ್ದರೆ ತಿಂಗಳಿಗೆ ಎಂಟುನೂರು ರೂಪಾಯಿ ಕೊಡಲು ಸರ್ಕಾರ ಸಿದ್ಧವಿದೆ, ಕಲಿತು ದುಡಿಯುತ್ತೇನೆ ಎಂದರೆ ಸಿದ್ಧವಿಲ್ಲ.

ಗಂಡನನ್ನು ಕಾಗದದ ಮೇಲೆ ಮಾತ್ರ ಬಿಟ್ಟು ಸೌಲಭ್ಯ ಪಡೆಯುವವರು ಹುಟ್ಟಿಕೊಳ್ಳುತ್ತಾರೆ ಎಂಬ ಮಾತನ್ನೂ ಆ ಕಚೇರಿಯಲ್ಲಿ ಕೇಳಿದೆ. ಹುಟ್ಟಿಕೊಳ್ಳಲಿ, ಹಿಡಿಯಿರಿ. ಗ್ರಾಮ ಆಡಳಿತಾಧಿಕಾರಿ ನಮ್ಮ ಬೀದಿಗೆ ಬಂದು ಅಕ್ಕಪಕ್ಕದ ಐದು ಮನೆಯವರನ್ನು ಕೇಳಿ ಮಹಜರು ಬರೆಯಲು ಅರ್ಧ ದಿನ ಸಾಕು. ನನ್ನ ಗಂಡ ಎಂದು ಹೋದರು, ಯಾವ ಬಸ್ಸು ಹತ್ತಿದರು ಎಂಬುದು ನನಗಿಂತ ಚೆನ್ನಾಗಿ ನಮ್ಮ ಬೀದಿಗೆ ಗೊತ್ತಿದೆ. ಪಾಸ್‌ಪೋರ್ಟಿನ ನಿಯಮಗಳನ್ನು 2016ರ ಕೊನೆಯಲ್ಲಿ ಸಡಿಲಿಸಿ, ಬೇರ್ಪಟ್ಟವರೂ ವಿಚ್ಛೇದಿತರೂ ಸಂಗಾತಿಯ ಹೆಸರನ್ನು ಕೊಡಬೇಕಾಗಿಲ್ಲ ಎಂದು ಕೇಂದ್ರ ಸರ್ಕಾರವೇ ಹೇಳಿತು. ಗಂಡನ ಹೆಸರಿಲ್ಲದೆ ನಾನು ದುಬೈಗೆ ಹೋಗಬಹುದು, ಹದಿನೆಂಟು ಕಿಲೋಮೀಟರ್ ದೂರದ ಕಾಲೇಜಿಗೆ ಹೋಗಲು ಮಾತ್ರ ಅವರ ಆದಾಯ ಬೇಕು.

ಮೊದಲ ವರ್ಷದ ಸಮಾಜಶಾಸ್ತ್ರದ ತರಗತಿಯಲ್ಲಿ ನಮ್ಮ ಉಪನ್ಯಾಸಕಿ ದುರ್ಗಾಬಾಯಿ ದೇಶಮುಖರ ವಿಷಯ ಹೇಳಿದ್ದರು. ಎಂಟನೆಯ ವಯಸ್ಸಿಗೆ ಮದುವೆಯಾಗಿ, ಬೆಳೆದ ಮೇಲೆ ಆ ಮದುವೆಯಿಂದ ಹೊರಬಂದು, ತಡವಾಗಿ ಮೆಟ್ರಿಕ್ ಕಟ್ಟಿ, ವಕೀಲೆಯಾಗಿ, ಸಂವಿಧಾನ ಸಭೆಯಲ್ಲಿ ಕುಳಿತ ಹೆಂಗಸು. ಅವರು ಅಧ್ಯಕ್ಷೆಯಾಗಿದ್ದ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯು ಓದು ಬಿಟ್ಟ ಹೆಂಗಸರಿಗಾಗಿಯೇ 1958ರಲ್ಲಿ ಸಂಕ್ಷಿಪ್ತ ಶಿಕ್ಷಣ ತರಗತಿಗಳನ್ನು ಶುರುಮಾಡಿತಂತೆ. ಪಾಠ ಕೇಳುತ್ತ ನನಗೆ ಹೊಳೆದದ್ದು ಒಂದೇ. ಪುಣ್ಯಾತ್ಗಿತ್ತಿ ನಮ್ಮ ಕಾಲದಲ್ಲಿ ಅರ್ಜಿ ಹಾಕಲಿಲ್ಲ.

ಕೋಪದಲ್ಲಿ ಮಾತು ಬಿರುಸಾಗಿದ್ದರೆ ಕ್ಷಮೆಯಿರಲಿ. ತಮ್ಮನ್ನು ಕಾಣಲು ಎರಡು ಬಾರಿ ಬಂದಿದ್ದೆ. ಒಮ್ಮೆ ತಾವು ಬೆಂಗಳೂರಿನಲ್ಲಿದ್ದಿರಿ, ಇನ್ನೊಮ್ಮೆ ಮದುವೆಯೊಂದಕ್ಕೆ ಹೋಗಿದ್ದಿರಿ. ತಮ್ಮ ಆಪ್ತ ಸಹಾಯಕರು ಅರ್ಜಿಯ ಪ್ರತಿ ಇಟ್ಟುಕೊಂಡು, ‘ಸಾಹೇಬರು ವೈಯಕ್ತಿಕವಾಗಿ ಏನಾದರೂ ಸಹಾಯ ಮಾಡುತ್ತಾರೆ’ ಎಂದರು. ದಯವಿಟ್ಟು ವೈಯಕ್ತಿಕವಾಗಿ ಸಹಾಯ ಮಾಡಬೇಡಿ. ತಾವು ಲಕೋಟೆಯಲ್ಲಿ ಕೊಡುವ ಹತ್ತು ಸಾವಿರದಿಂದ ನನ್ನ ಒಂದು ಕಂತು ತೀರಬಹುದು, ಆದರೆ ನಮ್ಮ ಬೀದಿಯ ಉಳಿದ ಮೂವರಲ್ಲಿ ಒಬ್ಬಳು ಬಿ.ಎಡ್. ಸೇರಬೇಕೆಂದು ಕನಸು ಕಾಣುತ್ತಿದ್ದಾಳೆ, ಅವಳ ಅರ್ಜಿಯೂ ಇದೇ ಸಾಲಿಗೆ ತಗುಲಿ ಹಿಂದಿರುಗುತ್ತದೆ. ತಾವು ಶಾಸಕರು. ಸದನದಲ್ಲಿ ಪ್ರಶ್ನೆ ಕೇಳುವ ಅಧಿಕಾರ ತಮಗಿದೆ, ನನಗಿಲ್ಲ. ಗಂಡ ಬಿಟ್ಟುಹೋದ ವಿದ್ಯಾರ್ಥಿನಿಯರ ಅರ್ಜಿಗೆ ಗಂಡನ ಆದಾಯವನ್ನು ಕೇಳಬಾರದೆಂದು ರಾಜ್ಯವು ತನ್ನ ಕಚೇರಿಗಳಿಗೆ ಒಂದು ಸುತ್ತೋಲೆ ಕಳಿಸಲಿ, ಕೇಂದ್ರದ ಮಾರ್ಗಸೂಚಿ ಅಡ್ಡ ಬರುವುದಾದರೆ ರಾಜ್ಯದ ನಿಧಿಯಿಂದ ಶುಲ್ಕ ಭರಿಸಲಿ ಮತ್ತು ಕೇಂದ್ರಕ್ಕೆ ಬರೆಯಲಿ. ಮತ್ತೊಮ್ಮೆ ಹೇಳುತ್ತೇನೆ: ಇಲ್ಲದ ಗಂಡನ ಆದಾಯವನ್ನು ನಮ್ಮ ಲೆಕ್ಕದಿಂದ ತೆಗೆಯಿರಿ.

ಎರಡನೆಯ ವರ್ಷದ ಶುಲ್ಕ ಕಟ್ಟಲು ಕಾಲೇಜಿನವರು ಈ ತಿಂಗಳ 30ರವರೆಗೆ ಸಮಯ ಕೊಟ್ಟಿದ್ದಾರೆ. ಈಗ ಬಿಟ್ಟರೆ ವಯಸ್ಸಿನ ಕಾರಣಕ್ಕೆ ಮತ್ತೆ ಸೇರುವಂತಿಲ್ಲ. ಅರ್ಜಿಯ ಪ್ರತಿ, ಪಡಿತರ ಚೀಟಿ, ನ್ಯಾಯಾಲಯದ ಆದೇಶ, ಮೊದಲ ವರ್ಷದ ಅಂಕಪಟ್ಟಿ ಎಲ್ಲವೂ ತಮ್ಮ ಕಚೇರಿಯಲ್ಲಿವೆ. ಗಂಡನ ಆದಾಯ ಪ್ರಮಾಣಪತ್ರವೊಂದನ್ನು ಲಗತ್ತಿಸಿಲ್ಲ.

ಇಂತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರಳು,
ಜಿಎನ್‌ಎಂ ದ್ವಿತೀಯ ವರ್ಷದ ವಿದ್ಯಾರ್ಥಿನಿ