ಮಾತ್ರೆ ಬಚ್ಚಿಡುವ ಮುಂಚೆ

ಪ್ರೀತಿಯ ಪುಟ್ಟಿ,

ಬಸುರಿ ಅನ್ನುವ ಸಿಹಿಸುದ್ದಿ ಹೇಳಿದ ಉಸಿರಲ್ಲೇ "ಡಿಪ್ರೆಶನ್ ಮಾತ್ರೆ ನಿಲ್ಲಿಸಿ ಎರಡು ದಿನ ಆಯ್ತು ದೊಡ್ಡಮ್ಮ" ಅಂದೆಯಲ್ಲ, ರಾತ್ರಿಯೆಲ್ಲ ಅದೇ ಕಿವಿಯಲ್ಲಿತ್ತು.

ನಾನೂ ಹಾಗೇ ಮಾಡಿದವಳು. ಅರ್ಧ ಉಳಿದಿದ್ದ ಸ್ಟ್ರಿಪ್ಪನ್ನು ಬಟ್ಟೆಗಳ ಅಡಿಗೆ ತಳ್ಳಿದೆ, ಯಾರನ್ನೂ ಕೇಳಲಿಲ್ಲ. ಮೊದಲು ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುತ್ತಿತ್ತು. ಆಮೇಲೆ ನಿದ್ದೆ ಹೋಯಿತು. ಐದನೇ ತಿಂಗಳ ಹೊತ್ತಿಗೆ ಬಾಚಣಿಗೆ ಕೈಯಲ್ಲಿ ಹಿಡಿದು ಮಧ್ಯಾಹ್ನದವರೆಗೂ ಮಂಚದ ಮೇಲೆ ಸುಮ್ನೆ ಕೂತಿರುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಎರಡು ಸಲ ಚೆಕಪ್ಪೂ ತಪ್ಪಿಸಿದೆ. ಮಗುವಿಗೆ ಒಳ್ಳೇದಾಗಲಿ ಅಂತ ತಾನೇ ಮಾತ್ರೆ ಬಿಟ್ಟಿದ್ದು!

2006ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಹಿಂದೆ ಖಿನ್ನತೆ ಅನುಭವಿಸಿದ್ದ ಗರ್ಭಿಣಿಯರಲ್ಲಿ ಮಾತ್ರೆ ಬಿಟ್ಟವರ ಪೈಕಿ 100ಕ್ಕೆ 68 ಮಂದಿಗೆ ಅದು ಮತ್ತೆ ಬಂದಿತ್ತು. ಬಿಡದವರಲ್ಲಿ 26 ಮಂದಿಗೆ.

ಮಾತ್ರೆಯಿಂದ ಏನೂ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ಯಾವ ಮಾತ್ರೆಯನ್ನೂ ಮುಟ್ಟದ ತಾಯಂದಿರಿಗೆ ಹುಟ್ಟುವ ಮಕ್ಕಳಲ್ಲೂ 100ಕ್ಕೆ ಸುಮಾರು 3ಕ್ಕೆ ಏನಾದರೊಂದು ದೋಷ ಇರುತ್ತದೆ. ನೀನು ತಗೊಳ್ಳುವ ಸರ್ಟ್ರಾಲಿನ್‌ನಿಂದ ಆ ಲೆಕ್ಕ ಹೆಚ್ಚಾದರೂ ತೀರಾ ಸ್ವಲ್ಪ. ಕೆಲವು ಕೂಸುಗಳು ಹುಟ್ಟಿದ ಮೇಲೆ ಸ್ವಲ್ಪ ನಡುಗುತ್ತವೆ, ರಚ್ಚೆ ಹಿಡಿಯುತ್ತವೆ, ಹಾಲು ಕುಡಿಯಲು ತಕರಾರು ಮಾಡುತ್ತವೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಸರಿಹೋಗುತ್ತವೆ. ಡಾಕ್ಟರಿಗೆ ಮೊದಲೇ ಗೊತ್ತಿದ್ದರೆ ಕೂಸಿನ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ, ಅಷ್ಟೇ.

ನಿನ್ನ ಗೆಳತಿ ಬೈಪೋಲಾರ್‌ಗೆ, ಅಂದರೆ ಮನಸ್ಸು ವಿಪರೀತ ಏರಿಳಿಯುವ ಕಾಯಿಲೆಗೆ, ವಾಲ್‌ಪ್ರೊಯೇಟ್ ತಗೊಳ್ಳುತ್ತಾಳೆ ಅಂದಿದ್ದೆ. ಅವಳ ಮಾತೇ ಬೇರೆ. ಆ ಮಾತ್ರೆಯಿಂದ 100ಕ್ಕೆ ಸುಮಾರು 10 ಮಕ್ಕಳಿಗೆ ಹುಟ್ಟುದೋಷ ಬರುತ್ತದೆ. 30ರಿಂದ 40 ಮಕ್ಕಳಿಗೆ ಮಾತು, ಕಲಿಕೆ, ಬೆಳವಣಿಗೆಯಲ್ಲಿ ತೊಂದರೆ ಆಗಬಹುದು. ಆ ಮಾತ್ರೆಯಿಂದ ಕೆಡಬಹುದಾದದ್ದು ಮಗುವಿನ ಮೆದುಳು, ಬೆನ್ನುಹುರಿ ಆಗುವ ಕೊಳವೆ; ಅದು ಗರ್ಭ ಕಟ್ಟಿದ 28 ದಿನಕ್ಕೆಲ್ಲ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನರಿಗೆ ಅಷ್ಟರಲ್ಲಿ ಗರ್ಭ ನಿಂತದ್ದೇ ಗೊತ್ತಿರಲ್ಲ, ಅಲ್ವಾ? ಮಗು ಬೇಕು ಅನ್ನಿಸುವ ಮುಂಚೆಯೇ ಮಾತ್ರೆ ಬದಲಿಸುವ ಮಾತಾಡಲಿಕ್ಕೆ ಹೇಳು. ಅವಳೂ ತಾನಾಗಿ ನಿಲ್ಲಿಸುವುದು ಬೇಡ.

ನೀನು ಇವತ್ತೇ ನಿನ್ನ ಮನೋವೈದ್ಯರಿಗೆ ಫೋನ್ ಮಾಡು. ಎರಡು ದಿನ ಬಿಟ್ಟದ್ದನ್ನೂ ಮುಚ್ಚಿಡಬೇಡ. ಹೆರಿಗೆ ಡಾಕ್ಟರ್ ಹತ್ತಿರ ಹೋಗುವಾಗ ಆ ಸ್ಟ್ರಿಪ್ಪನ್ನೇ ಪರ್ಸಲ್ಲಿ ಹಾಕಿಕೊಂಡು ಹೋಗು. "ಬಸುರಿಗೆ ಯಾಕಮ್ಮ ಈ ಮಾತ್ರೆ" ಅಂತ ಮನೆಯಲ್ಲಿ ಯಾರಾದರೂ ಅಂದರೆ, ಫೋನ್ ನನ್ನ ಕೈಗೆ ಕೊಡು.

ನಿನ್ನ ದೊಡ್ಡಮ್ಮ